ಮರೆಹೊಕ್ಕವನು, ಹುಂಜ ಮತ್ತು ಗಾಳಿಕೋವಿ

ಕಾನೂನು ಎಷ್ಟು ಗಂಭೀರವೋ ಅದರ ನೆರಳಿನಲ್ಲಿ ಅವಾಂತರಗಳು ಅಷ್ಟೇ ಹುಲುಸಾಗಿ ಬೆಳೆಯುತ್ತವೆಂಬುದು ನನ್ನ ಅನುಭವ. ಎಂಬತ್ತರ ದಶಕದಲ್ಲಿ ನಾನು ಅರಬ್ ನಾಡಿನ ಉನೈಜಾ ಪಟ್ಟಣದ ಖರ್ಜೂರದ ವ್ಯಾಪಾರಿಯೊಬ್ಬರ ಬಳಿ ದುಭಾಷಿಯಾಗಿದ್ದೆ. ಉಡುಪಿ ಕಡೆಯವನೊಬ್ಬ ಅದೇ ಮನೆಯಲ್ಲಿ ಅಡುಗೆಯವನು. ಒಂದೇ ಬೇಸಗೆಯಲ್ಲಿ ನಮ್ಮಿಬ್ಬರಿಗೆ ಒದಗಿದ ಪ್ರಸಂಗಗಳಿವು.

ಪರವಾನಗಿ

ತೋಟದ ಹಣ್ಣು ಕುಕ್ಕುವ ಹಕ್ಕಿಗಳನ್ನು ಬೆದರಿಸಲೆಂದು ನಮ್ಮ ಕಫೀಲರು, ಅಂದರೆ ನಮ್ಮ ವೀಸಾದ ಯಜಮಾನರಾದ ಆ ವ್ಯಾಪಾರಿ, ಒಂದು ಏರ್‌ಗನ್ ತರಿಸಿದರು. ಅದಕ್ಕೂ ಪರವಾನಗಿ ಬೇಕೆಂದು ತಿಳಿದು ನಮ್ಮಿಬ್ಬರನ್ನು ಠಾಣೆಗೆ ಅಟ್ಟಿದರು.

"ಇದರಲ್ಲಿ ಮದ್ದು ಎಲ್ಲಿದೆ?" ಎಂದರು ಅಧಿಕಾರಿಗಳು.

"ಮದ್ದಿಲ್ಲ, ಗಾಳಿಯಷ್ಟೆ."

"ಗಾಳಿಗೆ ಪರವಾನಗಿ ಕೊಡಲು ನಾನು ಯಾರು?"

ಆದರೂ ಅದು ಆಟಿಕೆಯೋ ಆಯುಧವೋ ಎಂದು ನಿರ್ಣಯಿಸಲು ತಾವೇ ಕೋವಿಯ ಕುದುರೆ ಎಳೆದರು. ಎದುರಿಗಿದ್ದ ಚಹಾದ ಲೋಟ ಚೂರುಚೂರಾಯಿತು. "ಆಯುಧವೇ" ಎಂದು ಶಾಂತವಾಗಿ ಬರೆದುಕೊಂಡರು. ಪರವಾನಗಿಯಿಲ್ಲದ ಆಯುಧದಿಂದ ಠಾಣೆಯೊಳಗೆ ಗುಂಡು ಹಾರಿದ್ದರಿಂದ, ಹಾರಿಸಿದವರು ಪತ್ತೆಯಾಗುವವರೆಗೆ ನಮ್ಮ ಅರ್ಜಿಯನ್ನು ತಡೆಹಿಡಿಯಲಾಯಿತು. ಅಂಥ ಆಯುಧವನ್ನು ಠಾಣೆಯಲ್ಲಿರಿಸುವುದು ಅಪಾಯವೆಂದು ಕೋವಿಯನ್ನು ನಮ್ಮ ಕೈಗೇ ಕೊಟ್ಟರು.

ಹುಂಜ

"ಯಲ್ಲಾ, ಬೇಗ ಹಕ್ಕಿ ಓಡಿಸು!" ಎಂದು ಕಫೀಲರು ಗುಡುಗಿದ ದಿನ ಅಡುಗೆಯವನು ಕಣ್ಣು ಮುಚ್ಚಿ ಗುಂಡು ಹಾರಿಸಿದ. ಹಕ್ಕಿಗಳು ಕದಲಲಿಲ್ಲ. ತೋಟದ ಹಿಂಗೋಡೆಯ ಮೇಲಿದ್ದ ನೆರೆಮನೆಯ ಹುಂಜ ಕೆಳಗುರುಳಿತು.

"ದೂರು ಹೋದ್ರೆ ನನ್ನನ್ನು ಸೀದಾ ಊರಿಗೆ ಕಳಿಸ್ತಾರೆ. ಎಂತ ಮಾಡೂದು ಮಾಸ್ಟ್ರೇ?"

"ಅಂಜಬೇಡ. ಮರೆಹೊಕ್ಕವನನ್ನು ಬಿಟ್ಟುಕೊಡದಿರುವುದು ನಮ್ಮ ಹಳಗನ್ನಡ ಕಾವ್ಯಗಳಲ್ಲಿ ಹೇಗೋ ಈ ನಾಡಿನಲ್ಲೂ ಹಾಗೆಯೇ ವ್ರತ. ಯಾರಾದರೂ ಹಿರಿಯರ ಮನೆಹೊಕ್ಕು ಆಶ್ರಯ ಬೇಡೋಣ."

"ನಿಮ್ಮ ಕಾವ್ಯದಲ್ಲಿ ಹುಂಜ ಕೊಂದವ ಇದ್ದಾನಾ?"

ಎಷ್ಟು ಸ್ಮರಿಸಿದರೂ ಒಬ್ಬನೂ ಹೊಳೆಯಲಿಲ್ಲ.

"ನನ್ನ ಗ್ರಹಚಾರ ನೋಡಿ ಮಾರಾಯ್ರೆ," ಎಂದು ಅವನು ನಿಟ್ಟುಸಿರಿಟ್ಟ, "ಪುಸ್ತಕದಲ್ಲೂ ಆಗದ್ದು ನನಗೇ ಆಗ್ಬೇಕಾ?"

ಆಶ್ರಯ

ಎರಡು ಬೀದಿ ಸುತ್ತಿ, ಕಣ್ಣಿಗೆ ಬಿದ್ದ ದೊಡ್ಡ ಬಾಗಿಲ ಮನೆಯೊಂದನ್ನು ಹೊಕ್ಕೆವು. ಬಿಳಿಗಡ್ಡದ ಹಿರಿಯರು ಕಾರಣ ಕೇಳುವ ಮೊದಲೇ ಕಾಫಿ ಕುಡಿಸಿ, "ಜೀವವಿರುವತನಕ ನಿನ್ನನ್ನು ಯಾರಿಗೂ ಒಪ್ಪಿಸೆನು" ಎಂದು ಮಾತು ಕೊಟ್ಟರು. ಬಳಿಕ ಕೇಳಿದರು: "ಯಾರ ಭಯ?"

ಅಡುಗೆಯವನ ಉತ್ತರವನ್ನು ನಾನು ಅನುವಾದಿಸಿದೆ: "ಖರ್ಜೂರದ ತೋಟದ ಹಿಂಗೋಡೆಯಾಚೆ ಕೆಂಪು ಹುಂಜ ಸಾಕಿದ ಯಜಮಾನರದು."

ಹಿರಿಯರು ಕಾಫಿಯ ಹೂಜಿಯನ್ನು ಕೆಳಗಿಟ್ಟರು. "ಆ ಯಜಮಾನ ನಾನೇ."

ನಾವು ಆ ಮನೆಯ ಹಿಂಗೋಡೆಯನ್ನು ಬಲ್ಲೆವೇ ಹೊರತು ಮುಂಬಾಗಿಲನ್ನಲ್ಲ.

ಕೊಟ್ಟ ಮಾತು ಕೊಟ್ಟದ್ದೇ. ಹಿರಿಯರು ಬಲಗಡೆಯ ದಿಂಬಿಗೆ ಒರಗಿ ರಕ್ಷಕರಾದರು, ಎಡಗಡೆಯದಕ್ಕೆ ಒರಗಿ ದೂರುದಾರರಾದರು. ವಿಚಾರಣೆ ಹೀಗೆ ನಡೆಯಿತು. "ಕ್ಷಮಿಸಿಬಿಡು" ಎಂದರು ಬಲದಿಂದ. "ಸಾಧ್ಯವೇ ಇಲ್ಲ" ಎಂದರು ಎಡದಿಂದ. ಕೊನೆಗೆ ನನ್ನತ್ತ ತಿರುಗಿ, "ಅವನನ್ನು ಚಿಕ್ಕಂದಿನಿಂದ ಬಲ್ಲೆ, ಮಹಾ ಹಟಮಾರಿ. ಠಾಣೆಗೆ ಹೊರಟರೆ ಬಾಗಿಲಲ್ಲಿ ನಾನೇ ತಡೆಯುತ್ತೇನೆ. ಅವನ ಕೋಪ ಇಳಿಯುವವರೆಗೆ ಈತ ಇಲ್ಲಿಯೇ ಇರಲಿ" ಎಂದರು.

ಸುಮ್ಮನೆ ಕೂತು ಉಣ್ಣಲು ನಾಚಿ ಅಡುಗೆಯವನು ಮರುದಿನವೇ ತುಪ್ಪದನ್ನ, ಕೋಳಿಸಾರು ಮಾಡಿದ. ಅದರ ಮರುದಿನವೂ ಮಾಡಿದ.

ವಾರ ಕಳೆಯುವಷ್ಟರಲ್ಲಿ ನಮ್ಮ ಕಫೀಲರು ಅಡುಗೆಯವನಿಲ್ಲದೆ ಬಡಕಲಾಗಿ, ಕಂಕುಳಲ್ಲಿ ಹೊಸ ಹುಂಜವೊಂದನ್ನು ಇರುಕಿಕೊಂಡು, ಊಟದ ಹೊತ್ತಿಗೇ ಬಂದರು. "ದೂರುದಾರರ ಕೋಪ ಇಳಿಯಿತೇ?"

ಹಿರಿಯರು ತಟ್ಟೆಯಿಂದ ಕೈಯೆತ್ತದೆ ಎಡಗಡೆಯ ದಿಂಬಿನತ್ತ ಸರಿದು, ಕಣ್ಣು ಮುಚ್ಚಿ ಒಂದು ತುತ್ತು ಅಗಿದರು.

"ಇಲ್ಲ," ಎಂದರು, "ದಿನೇದಿನೇ ಏರುತ್ತಿದೆ."