ಸರ್ವಾನುಮತದಿಂದ ಹಿಡಿದ ಸೊಂಟ

ಒಬ್ಬನೇ ಮಾಡಿ ಮುಗಿಸಬಹುದಾದ ಕೆಲಸವನ್ನು ಹತ್ತು ಜನ ಸೇರಿ ಮಾಡದಿದ್ದರೆ ನಮ್ಮ ಸಾಂಗಲಿ, ಮಿರಜ ಕಡೆಯವರಿಗೆ ಉಂಡ ಅನ್ನ ಅರಗುವುದಿಲ್ಲ. ಹಾಲು ಹಾಕುವುದು ಸಹಕಾರಿ ಸಂಘಕ್ಕೆ, ಕಬ್ಬು ಕಳಿಸುವುದು ಸಹಕಾರಿ ಕಾರ್ಖಾನೆಗೆ. ನಾನು ಕುರ್ಚಿ ಸವೆಸುವುದು ಸಹಕಾರಿ ನೂಲಿನ ಗಿರಣಿಯ ಆಫೀಸಿನಲ್ಲಿ, ಮಲಗಿ ಏಳುವುದು ಮಿರಜದ ಸಹಕಾರಿ ಗೃಹನಿರ್ಮಾಣ ಸೊಸೈಟಿಯ ಮನೆಯಲ್ಲಿ. ಇದರಿಂದ ಊರು ಉದ್ಧಾರವಾಗಿದೆ, ಇಲ್ಲವೆನ್ನುವುದಿಲ್ಲ. ಆದರೆ ನನ್ನ ಸೊಂಟ ಹಾಳಾದದ್ದೂ ಇದೇ ತತ್ವದಿಂದ. ಈಗ ಬೆನ್ನ ಕೆಳಗೆ ದಿಂಬು ಇಟ್ಟುಕೊಂಡು, ಸೂರು ನೋಡುತ್ತ, ನಿಮ್ಮ ಮುಂದಾದರೂ ಅದನ್ನು ಹೇಳಿಕೊಳ್ಳುತ್ತಿದ್ದೇನೆ.

ಬುಧಗಾಂವದಲ್ಲಿರುವ ನನ್ನ ಅಕ್ಕನ ಮಗಳು ಶೈಲಾಳ ಮದುವೆ ಗೊತ್ತಾಯಿತು. ನಮ್ಮಲ್ಲಿ ಮದುಮಗಳನ್ನು ಸೋದರಮಾವ ಎತ್ತಿಕೊಂಡು ಹಂದರಕ್ಕೆ ತರಬೇಕು. ಅಕ್ಕನಿಗೆ ನಾನೊಬ್ಬನೇ ತಮ್ಮ. ಶೈಲಾಳ ಅಪ್ಪ ತೀರಿಕೊಂಡಾಗ ಅವಳಿನ್ನೂ ಬಗಲಕೂಸು. ಹೊಳೆ ದಂಡೆಗೆ, ಬಸ್ ಸ್ಟ್ಯಾಂಡಿಗೆ, ದವಾಖಾನೆಗೆ, ಎಲ್ಲಿಗೆ ಹೋದರೂ ನನ್ನ ಹೆಗಲ ಮೇಲೆಯೇ ಹೋದಳು. ನನಗೆ ಮಕ್ಕಳಿಲ್ಲ. ಅವಳನ್ನು ಇನ್ನೊಬ್ಬರ ಮನೆಗೆ ಕೊಡುವ ಮುಂಚೆ ಕಡೆಗೊಮ್ಮೆ ಎತ್ತಿಕೊಳ್ಳಬೇಕೆಂಬುದು ನನ್ನ ಬಲು ದೊಡ್ಡ ಆಸೆಯಾಗಿತ್ತು. "ಮಾಮಾ, ನೀವ ಎತ್ತಿಕೊಂಡ ಬರಬೇಕ ನೋಡ್ರಿ" ಎಂದು ಅವಳೂ ಹೇಳಿಕಳಿಸಿದ್ದಳು. ಅಡ್ಡಿ ಇಷ್ಟೇ: ನಡುವಿನ ವರ್ಷಗಳಲ್ಲಿ ಅವಳು ಕಬಡ್ಡಿ ಆಡಿ ಗಟ್ಟಿಯಾಗಿದ್ದಳು, ನಾನು ಗಿರಣಿಯಲ್ಲಿ ಕೂತು ಹೊಟ್ಟೆ ಬೆಳೆಸಿದ್ದೆ.

ನನ್ನ ಹೆಂಡತಿ ಕಮಲಾ ವ್ಯವಹಾರದ ಹೆಂಗಸು. ಒಂದು ಜೋಳದ ಚೀಲ ತೋರಿಸಿ, "ಮೊದಲ ಇದನ್ನ ಎತ್ತರಿ" ಎಂದಳು. ಎತ್ತಿದೆ. ಎದೆಗೆ ಅವುಚಿಕೊಳ್ಳೋಣವೆಂದರೆ ನಡುವೆ ಹೊಟ್ಟೆ. ಚೀಲ ಅದರ ಮೇಲೆ ಒಂದು ಗಳಿಗೆ ಕೂತು ಯೋಚಿಸಿ, ಸರ್ರನೆ ಜಾರಿ ನನ್ನ ಕಾಲ ಮೇಲೆ ಬಿತ್ತು. "ಚೀಲಕ್ಕ ಬಾಯಿಲ್ಲಂತ ಸುಮ್ಮನೈತಿ. ಶೈಲಾಗ ಬಾಯಿ ಐತ್ರಿ" ಎಂದು ಕಮಲಾ ಚೆಲ್ಲಿದ ಜೋಳ ಬಳಿಯತೊಡಗಿದಳು.

ಮಿರಜದಲ್ಲಿ ಕಲ್ಲೆಸೆದರೆ ಡಾಕ್ಟರ ಮನೆಯ ಮೇಲೆ ಬೀಳುತ್ತದೆ. ನಾನು ಹೋದ ಡಾಕ್ಟರು ಗಡಿ ಕಡೆಯ ರೋಗಿಗಳನ್ನು ನೋಡಿ ನೋಡಿ ನಮ್ಮ ಕನ್ನಡ ಚೆನ್ನಾಗಿ ಕಲಿತವರು. ಹೊಟ್ಟೆಯ ಸ್ನಾಯು ಗಟ್ಟಿಯಾದರೆ ಬೆನ್ನಿಗೆ ಆಸರೆ ಎಂದು ಹೇಳಿ, ಬಿಡಿಸಿ ಬಿಡಿಸಿ ವಿವರಿಸಿದರು: "ಬೆನ್ನ ಮ್ಯಾಲ ಮಲಗ್ರಿ. ಮೊಣಕಾಲ ಮಡಚಿ ಅಂಗಾಲ ನೆಲಕ್ಕ ಊರ್ರಿ. ಟೊಂಕ ಚಾಪಿ ಬಿಟ್ಟ ಏಳಬಾರದು. ಉಸಿರ ಬಿಡಕೋತ ಬರೇ ಹೆಗಲ ಎತ್ತರಿ, ಅಷ್ಟ. ಪೂರ್ತಿ ಎದ್ದ ಕುಂದರಬ್ಯಾಡ್ರಿ, ಕುತ್ತಿಗಿ ಜಗ್ಗಬ್ಯಾಡ್ರಿ. ನೋವಾತಂದ್ರ ಅಲ್ಲೇ ಬಿಡ್ರಿ." ಇಷ್ಟು ಸಾಕಿತ್ತು. ಬಾಗಿಲು ಹಾಕಿಕೊಂಡು ಚಾಪೆ ಹಾಸಿದ್ದರೆ ಇವತ್ತು ಈ ದಿಂಬಿನ ಗತಿ ಬರುತ್ತಿರಲಿಲ್ಲ. ಆದರೆ ನಾನು ಸಹಕಾರಿ ನೀರು ಕುಡಿದವನು. ಚಹಾ ಕುಡಿಯುತ್ತ ಪಕ್ಕದ ಮನೆಯ ಹಾಲಪ್ಪ ಕಾಕಾನ ಮುಂದೆ ಬಾಯಿಬಿಟ್ಟೆ.

ಕಾಕಾ ಒಂದು ಕಾಲಕ್ಕೆ ಸಾಂಗಲಿಯ ತಾಲೀಮಿನಲ್ಲಿ ಮೈಗೆ ಮಣ್ಣು ಹಚ್ಚಿಕೊಂಡ ಪೈಲವಾನ. ಸಂಜೆಯೊಳಗೆ ಸೊಸೈಟಿಯ ಗಂಡಸರೆಲ್ಲ ಸೇರಿ 'ಉದರ ಸುಧಾರಣಾ ಮಂಡಳ' ಹುಟ್ಟಿಸಿಯೇಬಿಟ್ಟರು. ವ್ಯಾಯಾಮಕ್ಕೆ ಮುಂಚೆ ಅಧ್ಯಕ್ಷ ಬೇಕಲ್ಲ? ಒಬ್ಬರು ನನ್ನ ಹೆಸರು ಸೂಚಿಸಿದರು, ಇನ್ನೊಬ್ಬರು ಅನುಮೋದಿಸಿದರು. ಅರ್ಹತೆ ಎಲ್ಲರ ಕಣ್ಣಿಗೂ ಕಾಣುವಂತೆ ಅಂಗಿಯ ಗುಂಡಿಗಳನ್ನು ಜಗ್ಗುತ್ತಿತ್ತು. ಹಾರ ಹಾಕಿದರು, ಕಾಯಿ ಒಡೆದರು. ನಾನೂ ಉಬ್ಬಿ, ಡಾಕ್ಟರು ಹೇಳಿದ್ದನ್ನು ಭಾಷಣದ ಧಾಟಿಯಲ್ಲಿ ಒಪ್ಪಿಸಿದೆ.

ಹಾಲಪ್ಪ ಕಾಕಾ ಎದ್ದು ನಿಂತರು. "ಮೊಣಕಾಲ ಮಡಚಿ ಮಲಗೂದು ಬಾಣಂತ್ಯಾರು. ತಾಲೀಮಿನ್ಯಾಗ ನಾವು ಕಾಲ ನೆಟ್ಟಗ ಚಾಚಿ, ಕುತ್ತಿಗಿ ಹಿಂದ ಕೈ ಕಟ್ಟಿ, ಒಂದ ಝಟಕಾಕ್ಕ ಎದ್ದ ಕುಂದರತಿದ್ದಿವಿ. ಠರಾವು ಹಾಕ್ರಿ!" ಠರಾವು ಮತಕ್ಕೆ ಬಿತ್ತು. ನೆಟ್ಟಗಿನ ಕಾಲಿನ ಪರವಾಗಿ ಎಲ್ಲರೂ ಕೈ ಎತ್ತಿದರು. ಮಡಚಿದ ಕಾಲಿನ ಪರ ನಾನೊಬ್ಬನೇ ಎತ್ತಲು ಹೋದರೆ, ಗಿರಣಿಯಲ್ಲೂ ಸೊಸೈಟಿಯಲ್ಲೂ ನನ್ನ ಜೊತೆಗಿರುವ ಕಾಮತೆ, "ಅಧ್ಯಕ್ಷರ ಮತ ಸಮ ಸಮ ಆದಾಗ ಅಷ್ಟ" ಎಂದು ನನ್ನ ಕೈ ಇಳಿಸಿ, "ಬಹುಮತ ಮ್ಹಣಜೇ ಬಹುಮತ", ಬಹುಮತ ಅಂದರೆ ಬಹುಮತ, ಎಂದು ಮರಾಠಿಯಲ್ಲಿ ಮುದ್ರೆ ಒತ್ತಿದ. ಬೆನ್ನೆಲುಬು ನನ್ನದು, ಮತ ಅವರದು. ಠರಾವು ಸರ್ವಾನುಮತದಿಂದ ಪಾಸಾಯಿತು. ಅಧ್ಯಕ್ಷರೇ ಮೊದಲು ಮಾಡಿ ತೋರಿಸಬೇಕೆಂದು ಇನ್ನೊಂದು ಠರಾವೂ ಅದರ ಬೆನ್ನಿಗೇ ಪಾಸಾಯಿತು.

ಸೊಸೈಟಿ ಆಫೀಸಿನ ಕಟ್ಟೆಯ ಮೇಲೆ ಮಲಗಿದೆ. ಕಾಲು ಏಳದಂತೆ ಕಾಕಾ ಅವುಗಳ ಮೇಲೆ ಕೂತರು. ಮಂಡಳ ಚಪ್ಪಾಳೆ ತಟ್ಟಿತು. ಮೊದಲ ಸಲ ಎದ್ದೆ, ಹೇಗೋ. ಸೊಂಟದಲ್ಲಿ ಚುಳ್ಳೆಂದಿತು. ನೋವಾದರೆ ಬಿಡಿ ಎಂದು ಡಾಕ್ಟರು ಹೇಳಿದ್ದರು, ನಿಜ. ಆದರೆ ಕೊರಳಲ್ಲಿ ಹಾರ ಇರುವವನು ಅರ್ಧಕ್ಕೆ ಹೇಗೆ ಬಿಟ್ಟಾನು? ಎರಡನೆಯ ಝಟಕಾಕ್ಕೆ ಒಳಗೆ ಏನೋ ಕಳಕ್ ಎಂದಿತು. ಆಮೇಲೆ ನಾನು ಏಳಲೂ ಇಲ್ಲ, ಮಲಗಲೂ ಇಲ್ಲ. ನಡುವೆ ಎಲ್ಲೋ ನಿಂತುಬಿಟ್ಟೆ. ನನ್ನನ್ನು ಹೊತ್ತೊಯ್ಯಬೇಕೋ ರಿಕ್ಷಾ ತರಿಸಬೇಕೋ ಎಂಬ ವಿಷಯದಲ್ಲಿ ಸಭೆಯಲ್ಲಿ ಭಿನ್ನಾಭಿಪ್ರಾಯ ಬಂದು, ಉಪಸಮಿತಿ ನೇಮಿಸುವ ಮಾತು ನಡೆದಿತ್ತು. ಅಷ್ಟರಲ್ಲಿ ಕಮಲಾ ಬಂದು ಎಲ್ಲರನ್ನೂ ಬೈದು ರಿಕ್ಷಾ ಕರೆಸಿದಳು.

"ನಾ ಹೇಳಿದ್ದೇನು, ನೀವು ಮಾಡಿದ್ದೇನು?" ಎಂದರು ಡಾಕ್ಟರು.

"ಬಹುಮತ ಬರಲಿಲ್ರಿ" ಎಂದೆ.

ಅವರು ನಗಲಿಲ್ಲ. ತುಂಬಿದ ತಂಬಿಗೆಯನ್ನೂ ಎತ್ತಕೂಡದು, ಮದುಮಗಳನ್ನು ಎತ್ತುವ ಮಾತಂತೂ ಬೇಡವೇ ಬೇಡ ಎಂದರು. ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದವನು ಊಟಕ್ಕೂ ಹೊರಳಲಿಲ್ಲ. ನೋವಿಗೆ ಗುಳಿಗೆ ಇತ್ತು. ಶೈಲಾಳಿಗೆ ಏನು ಹೇಳಲಿ ಎಂಬುದಕ್ಕೆ ಇರಲಿಲ್ಲ.

ಮದುವೆಯ ದಿನ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಬುಧಗಾಂವಕ್ಕೆ ಹೋದೆ. ನನ್ನ ಬದಲು ತಾನು ಎತ್ತಿಕೊಳ್ಳುತ್ತೇನೆಂದು ಹಾಲಪ್ಪ ಕಾಕಾ ಧೋತರ ಬಿಗಿದು ಸಿದ್ಧರಾಗಿದ್ದರು. ಶೈಲಾ ಒಪ್ಪಲಿಲ್ಲ. "ಮಾಮಾ ಎತ್ತಲಿಲ್ಲಂದ್ರ ನಾ ನಡಕೋತ ಹೋಗ್ತೀನಿ" ಎಂದು ನನ್ನ ತೋಳು ಹಿಡಿದುಕೊಂಡು ಹಂದರಕ್ಕೆ ನಡೆದಳು. ನೋಡುವವರಿಗೆ ನಾನು ಅವಳನ್ನು ಕರೆತಂದಂತೆ ಕಂಡಿರಬೇಕು. ನಿಜ ಹೇಳುತ್ತೇನೆ, ಅವಳು ಬಿಟ್ಟಿದ್ದರೆ ನಾನು ಅಲ್ಲೇ ಕುಸಿಯುತ್ತಿದ್ದೆ. ಯಾರೋ ನನ್ನನ್ನು ಒಂದು ಕುರ್ಚಿಯಲ್ಲಿ ಇಳಿಸಿದರು. ಅಕ್ಷತೆ ಬಿತ್ತು, ಪಂಕ್ತಿ ಎದ್ದಿತು, ನಾನು ಮಾತ್ರ ಏಳಲಿಲ್ಲ.

ಗಾಡಿ ಹತ್ತುವ ಮುಂಚೆ ಶೈಲಾ ಬಂದು ನನ್ನ ಕಾಲಿಗೆ ಬಿದ್ದಳು. ಅವಳ ತಲೆಯ ಮೇಲೆ ಕೈ ಇಡಬೇಕು; ಬಗ್ಗಲು ಬರುತ್ತಿಲ್ಲ. ಕೈ ಗಾಳಿಯಲ್ಲೇ ನಿಂತಿತು. ಅವಳು ತಲೆ ಎತ್ತಿ ನೋಡಿದಳು. ಕಣ್ಣು ತುಂಬಿದ್ದವು. ಮೊಣಕಾಲ ಮೇಲೆ ನಿಂತು ನನ್ನ ಕೈಯನ್ನು ಎರಡೂ ಕೈಯಿಂದ ಹಿಡಿದು, ತಾನೇ ತನ್ನ ತಲೆಯ ಮೇಲಕ್ಕೆ ಎಳೆದುಕೊಳ್ಳತೊಡಗಿದಳು. ಸುತ್ತ ನಿಂತ ಹೆಂಗಸರು ಸೆರಗಿಗೆ ಕಣ್ಣು ಒತ್ತಿಕೊಂಡು, ಮಾಮಾ ಏನು ಹರಸುತ್ತಾನೆಂದು ಕಿವಿಗೊಟ್ಟರು. ಹತ್ತಾರು ದಿನ ಹಾಸಿಗೆಯಲ್ಲಿ ಮಲಗಿ ನಾನು ಒಳ್ಳೊಳ್ಳೆಯ ಮಾತುಗಳನ್ನು ಜೋಡಿಸಿ ಇಟ್ಟುಕೊಂಡಿದ್ದೆ. ಬಾಯಿ ತೆರೆದೆ.

"ಯವ್ವಾ, ಸತ್ತೆ! ಸಾವಕಾಶ ಜಗ್ಗು!"