ನಳ ಫೋನ್ ಮಾಡಿತ್ತು

ಬೈಲಹೊಂಗಲದಲ್ಲಿ ನಳಕ್ಕೆ ಟೆಲಿಫೋನ್ ಮಾಡಲು ಕಲಿಸಿದ ಮನುಷ್ಯ ಯಾರಾದರೂ ಇದ್ದರೆ ಅದು ನಮ್ಮ ಕಾಕಾ ಒಬ್ಬರೇ. ನಗಬೇಡಿ! ನಾನು ಹೇಳುತ್ತಿರುವುದು ಕುಡಿಯುವ ನೀರಿನ ನಳದ ಬಗ್ಗೆಯೇ. ಹಿತ್ತಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ, ಮೂಗು ಕೆಳಗೆ ಮಾಡಿಕೊಂಡು ನಿಂತಿದ್ದ ಹಳೆಯ ಹಿತ್ತಾಳೆ ನಳ. ಓಣಿಯ ಅರ್ಧ ಮನೆಗಳಲ್ಲಿ ಮನುಷ್ಯರಿಗೇ ಫೋನ್ ಇರಲಿಲ್ಲ. ಆ ಕಾಲದಲ್ಲಿ ನಮ್ಮ ಕಾಕಾನ ನಳ ದೊಡವಾಡಕ್ಕೆ ಫೋನ್ ಹಚ್ಚಿ ಸುದ್ದಿ ಹೇಳುತ್ತಿತ್ತು.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಪೇಟೆಯಲ್ಲಿ ಹತ್ತಿ ಬೀಜ ಮತ್ತು ಗೊಬ್ಬರದ ಅಂಗಡಿ ಇತ್ತು. ದೇಹ ಅಂಗಡಿಯಲ್ಲಿ, ಮನಸ್ಸು ಮಾತ್ರ ಎಲ್ಲಿರುತ್ತಿತ್ತೋ! ರೈತರು ಬೀಜ ಕೇಳಿದರೆ "ಹಾಂ, ಕೊಡೂಣು" ಎಂದು ಹೇಳಿ, ಕೈಯಲ್ಲಿದ್ದ ಗಡಿಯಾರವನ್ನೋ ರೇಡಿಯೋವನ್ನೋ ಬಿಚ್ಚಿ ಅದರ ಹೊಟ್ಟೆಯೊಳಗೆ ನೋಡುತ್ತ ಕೂಡುತ್ತಿದ್ದರು. ಜಗತ್ತಿನ ಪ್ರತಿಯೊಂದು ವಸ್ತುವಿಗೂ ಹೇಳಿಕೊಳ್ಳಲು ಏನೋ ಇದೆ, ನಾವು ಕಿವಿ ಕೊಡುತ್ತಿಲ್ಲ ಅಷ್ಟೇ ಎಂಬುದು ಅವರ ನಂಬಿಕೆ.

"ನವಿಲುತೀರ್ಥದ ಡ್ಯಾಮಿಗೆ ಒಂದ ವೈರ್ ಹಚ್ಚಿದ್ರ, ನೀರ ಎಷ್ಟೈತಿ ಅಂತ ಡ್ಯಾಮ್ ತಾನ ಹೇಳತೈತಿ. ಸವದತ್ತಿ ಬಸ್ಸಿಗೆ ಹಚ್ಚಿದ್ರ, ಎಲ್ಲಿ ಕೆಟ್ಟ ನಿಂತೇನಿ ಅಂತ ಬಸ್ ತಾನ ಹೇಳತೈತಿ," ಎನ್ನುತ್ತಿದ್ದರು, ಮಾಳಿಗೆಯ ಬೆಳಕಿಂಡಿಯತ್ತ ಕಣ್ಣು ನೆಟ್ಟು.

"ನನಗೂ ಒಂದ ವೈರ್ ಹಚ್ರಿ. ನಾನೂ ಭಾಳ ದಿನದಿಂದ ಒಂದ ಮಾತ ಹೇಳಾಕತ್ತೇನಿ," ಎಂದು ಕಾಕಿ ರೊಟ್ಟಿ ಬಡಿಯುತ್ತಲೇ ಉತ್ತರ ಕೊಡುತ್ತಿದ್ದಳು.

ಕಾಕಿಯ ಆ ಒಂದು ಮಾತು ನಮಗೆಲ್ಲ ಬಾಯಿಪಾಠವಾಗಿತ್ತು. ದೊಡವಾಡದಲ್ಲಿ ಅವಳ ಅಕ್ಕ ಇದ್ದಳು. ಮದುವೆಯಾದ ಮೇಲೆ ಅಕ್ಕ ತಂಗಿ ಒಂದು ವಾರ ಕೂಡಿ ಇದ್ದದ್ದೇ ಇಲ್ಲ. ಒಮ್ಮೆಯಾದರೂ ಅಕ್ಕನ ಮನೆಗೆ ಹೋಗಿ, ಮನಸ್ಸು ತುಂಬುವವರೆಗೆ ಇದ್ದು ಬರಬೇಕು. ದೊಡವಾಡವೇನು ಸಮುದ್ರದ ಆಚೆ ಇದೆಯೇ? ಬಸ್ಸು ಹತ್ತಿದರೆ ನಿದ್ದೆ ಹತ್ತುವುದರೊಳಗೆ ಊರು ಬರುತ್ತದೆ! ಆದರೆ ಅಡ್ಡ ನಿಂತದ್ದು ನಳ.

ನಮ್ಮ ಊರಲ್ಲಿ ನೀರು ಬಿಡುವುದಕ್ಕೆ ದಿನವೂ ಇಲ್ಲ, ಹೊತ್ತೂ ಇಲ್ಲ. ವಾರಕ್ಕೊಮ್ಮೆ, ಕೆಲವೊಮ್ಮೆ ಅದೂ ಇಲ್ಲ. ಬಂದಾಗ ಹಿಡಿದವರ ಮನೆಯಲ್ಲಿ ಸ್ನಾನ, ಬಿಟ್ಟವರ ಮನೆಯಲ್ಲಿ ಮುಖ ಒರೆಸಿಕೊಳ್ಳುವುದು. ಹಾಗಾದರೆ ಕಾಕಾ ಹಿಡಿಯಬಾರದೇ ಎಂದು ನೀವು ಕೇಳಬಹುದು. ಹಿಂದೊಮ್ಮೆ ಕಾಕಿ ಮದುವೆಗೆಂದು ಕಿತ್ತೂರಿಗೆ ಹೋಗಿದ್ದಾಗ ಕಾಕಾನನ್ನೇ ಕಾವಲಿಗೆ ಬಿಟ್ಟಿದ್ದಳು. ನೀರು ಬಂತು, ಹರಿಯಿತು, ಹಿತ್ತಲು ದಾಟಿ ಎದುರುಮನೆಯ ದಸ್ತಗೀರಣ್ಣನ ಟೆಂಪೋದ ಗಾಲಿ ತೊಳೆಯಿತು. ಕಾಕಾ ಹಿತ್ತಲ ಕಟ್ಟೆಯ ಮೇಲೆಯೇ ಕೂತಿದ್ದರು, ಬಿಚ್ಚಿದ ರೇಡಿಯೋ ಕಿವಿಗೆ ಹಚ್ಚಿಕೊಂಡು!

ಇಂಥವರ ಕೈಗೆ ಒಂದು ಕಂಪ್ಯೂಟರ್ ಸಿಕ್ಕಿತು. ಇಸವಿ ಎರಡು ಸಾವಿರ ಆಗಷ್ಟೇ ದಾಟಿತ್ತು. ಸವದತ್ತಿಯಲ್ಲಿ ಒಂದು ಟೈಪಿಂಗ್ ಕ್ಲಾಸು ಮುಚ್ಚಿತ್ತು, ಅಲ್ಲಿ ಮೂಲೆಗೆ ಬಿದ್ದಿದ್ದ ಕೆಟ್ಟ ಕಂಪ್ಯೂಟರನ್ನು ಕಾಕಾ ಹೊತ್ತು ತಂದರು. ಬಸ್ಸಿನಲ್ಲಿ ಸಿಕ್ಕ ಒಂದೇ ಸೀಟಿನ ಮೇಲೆ ಅದನ್ನು ಕೂಡಿಸಿ, ತಾವು ನಿಂತರು.

"ಏನ್ರಿ ಯಜಮಾನ್ರ, ಸೀಟಿನ ಮ್ಯಾಲೆ ಕುಂತ ಮ್ಯಾಲೆ ಇದಕ್ಕೂ ಟಿಕೆಟ್ ತಗಸಬೇಕ ನೋಡ್ರಿ," ಎಂದ ಕಂಡಕ್ಟರ್.

"ಅರ್ಧಾ ಟಿಕೆಟ್ ಹರೀರಿ. ಇದಕ್ಕ ಇನ್ನೂ ಬುದ್ಧಿ ಬಂದಿಲ್ಲ," ಎಂದರಂತೆ ಕಾಕಾ.

ಬುದ್ಧಿ ಬಂದದ್ದು ದಸ್ತಗೀರಣ್ಣ ಹುಬ್ಬಳ್ಳಿಯಿಂದ ತಂದ ಒಂದು ಪತ್ರಿಕೆಯಿಂದ. ಅದರ ಜೊತೆ ಪುಕ್ಕಟೆ ಬಂದ ಸೀಡಿಯಲ್ಲಿ, ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ಸಾಫ್ಟ್‌ವೇರ್ ಇತ್ತು. ಆಗ ನಾನು ಧಾರವಾಡದಲ್ಲಿ ಕಾಲೇಜು ಓದುತ್ತಿದ್ದೆ. ಶನಿವಾರ ಮಧ್ಯಾಹ್ನ ಬಸ್ಸಿಳಿದು ಕಾಕಾನ ಮನೆಗೆ ಹೋದರೆ, ಪಡಸಾಲೆಯ ಕತ್ತಲಲ್ಲಿ ಕಪ್ಪು ಪರದೆ, ಅದರ ಮೇಲೆ ಸರಸರನೆ ಮೇಲೇರುವ ಬಿಳಿಯ ಸಾಲುಗಳು, ಅದನ್ನೇ ನೋಡುತ್ತ ಕೂತ ಕಾಕಾ. ನನಗೋ ಆ ಸಾಲುಗಳನ್ನು ನೋಡುತ್ತ ನೋಡುತ್ತ ಕಣ್ಣು ಎಳೆಯುತ್ತಿತ್ತು. ಹೊರಗೆ ಬಿಸಿಲು, ಎಲ್ಲೋ ಹಿಟ್ಟಿನ ಗಿರಣಿಯ ಸದ್ದು, ಒಳಗೆ ಕಂಪ್ಯೂಟರಿನ ಫ್ಯಾನಿನ ಗುಂಯ್‌ಗುಟ್ಟುವಿಕೆ. ಅರ್ಧ ನಿದ್ದೆಯಲ್ಲಿ ಕಾಕಾನ ದನಿ ಕೇಳುತ್ತಿತ್ತು: "ಏಳ್ರಿ, ಏಳ್ರಿ. ಏನಾಗೇತಿ ಹೇಳ್ರಿ. ಸಿಟ್ಟ ಮಾಡ್ಕೋಬ್ಯಾಡ್ರಿ." ನನ್ನನ್ನು ಎಬ್ಬಿಸುತ್ತಿದ್ದಾರೆಂದು ಗಾಬರಿಯಿಂದ ಏಳುತ್ತಿದ್ದೆ. ಆ ಮರ್ಯಾದೆ ಕಂಪ್ಯೂಟರಿಗೆ!

"ಇದರ ಗುಣಾ ಒಂದ ನೋಡ ಮಗಳ," ಎಂದರು ಒಂದು ದಿನ. "ಇದು ಏನೂ ಮುಚ್ಚಿಡಂಗಿಲ್ಲ. ಹೊಟ್ಟ್ಯಾಗಿಂದೆಲ್ಲಾ ಬರದ ತೋರಸತೈತಿ. ತಪ್ಪಾದ್ರ ತಪ್ಪಾತು ಅಂತೈತಿ."

"ಹಂಗಾದ್ರ ನಿಮಗಿಂತ ಛಲೋ ಐತಿ," ಎಂದಳು ಕಾಕಿ ಒಳಗಿನಿಂದ.

ಹೀಗೆ ನಳದ ಯೋಜನೆ ಶುರುವಾಯಿತು. ವಿಷಯ ಬಹಳ ಸರಳ. ನಳದ ಬಾಯಿಗೆ ಎರಡು ತಾಮ್ರದ ತಂತಿ, ಒಂದಕ್ಕೊಂದು ತಾಗದಂತೆ. ನೀರು ಬಂದು ಎರಡನ್ನೂ ತೋಯಿಸಿದರೆ ಅವುಗಳ ನಡುವೆ ಕರೆಂಟು ಹರಿಯಬೇಕು, ಆ ಸುದ್ದಿ ಕಂಪ್ಯೂಟರಿಗೆ ಹೋಗಬೇಕು, ಕಂಪ್ಯೂಟರು ಸಾಲೆಯ ಗಂಟೆಯಂಥ ಒಂದು ವಿದ್ಯುತ್ ಗಂಟೆ ಬಾರಿಸಬೇಕು. "ಇದು ಬರೋಬ್ಬರಿ ಆಗಲಿ, ನೀ ಆರಾಮ ದೊಡವಾಡಕ್ಕ ಹೋಗು," ಎಂದು ಕಾಕಾ ಕಾಕಿಗೆ ಮಾತು ಕೊಟ್ಟರು. ಅಂದಿನಿಂದ ಆ ಗಂಟೆಯ ಮೇಲೆ ಕಾಕಿಯ ಜೀವ ನಿಂತಿತು.

ಮೊದಲ ಸಲ ಗಂಟೆ ಬಾರಿಸಿದ್ದು ಖಂಡೇನವಮಿಯ ಬೆಳಿಗ್ಗೆ. ಅಬ್ಬಾ, ಏನು ಸದ್ದು! ಓಣಿಯೆಲ್ಲ ಕೊಡ ಹಿಡಿದುಕೊಂಡು ಓಡಿತು. ದಸ್ತಗೀರಣ್ಣ ಅರ್ಧ ಗಡ್ಡ ಬೋಳಿಸಿಕೊಂಡ ಮುಖದಲ್ಲೇ ಎರಡು ಬಕೀಟು ತಂದ. ಎಲ್ಲರ ನಳಗಳಿಂದಲೂ ಹೊರಟದ್ದು ಸುಂಯ್ ಎಂಬ ಗಾಳಿ. ಗಂಟೆ ಮಾತ್ರ ನಿಲ್ಲಲೊಲ್ಲದು!

ಕಾಕಾ ಲಿನಕ್ಸಿನ ತಿರುಳಾದ ಕರ್ನಲ್ಲನ್ನೇ ಹೊಸದಾಗಿ ಕಟ್ಟಿದರು. ಗಂಟೆಯನ್ನು ಬದಲಾಯಿಸಿದರು. ಬೆಳಗಾವಿಯ ಸೈಬರ್ ಕೆಫೆಗೆ ಬಸ್ಸಿನಲ್ಲಿ ಹೋಗಿ, ಜಗತ್ತಿನ ಲಿನಕ್ಸ್ ಪಂಡಿತರಿಗೆಲ್ಲ ಪ್ರಶ್ನೆ ಕಳಿಸಿ ಬಂದರು. ಉತ್ತರ ನೋಡಲು ಮತ್ತೆ ಬಸ್ಸು! ಯಾವುದೋ ದೇಶದ ಪುಣ್ಯಾತ್ಮ "ನಿಮ್ಮ ತಂತಿಗಳನ್ನು ಒಮ್ಮೆ ಕಣ್ಣಿನಿಂದ ನೋಡಿ" ಎಂದು ಬರೆದಿದ್ದ. ಕಾಕಾ ಹಿತ್ತಲಿಗೆ ಹೋಗಿ ನೋಡಿದರು. ಕಾಕಿ ಹಬ್ಬದ ದಿನ ಮನೆಯ ಕುಡಗೋಲು, ಕೊಡಲಿ, ಕಂಪ್ಯೂಟರು ಎಲ್ಲಕ್ಕೂ ಪೂಜೆ ಮಾಡಿ, ನಳಕ್ಕೂ ಮೂರು ಬೆರಳಿನಿಂದ ವಿಭೂತಿ ಬಳಿದಿದ್ದಳು. ತೋಯ್ದ ವಿಭೂತಿ ಎರಡೂ ತಂತಿಗಳನ್ನು ಒಂದು ಮಾಡಿಬಿಟ್ಟಿತ್ತು. ಅಂದು ಒಣಗುವವರೆಗೂ ಗಂಟೆ ಬಾರಿಸಿದ್ದು ಅದಕ್ಕೇ.

"ನೀನ ಹಚ್ಚೀದಿ ಅಂತ ಇಷ್ಟ ದಿವಸ ಯಾಕ ಹೇಳಲಿಲ್ಲ?" ಎಂದು ಕಾಕಾ ಕೂಗಾಡಿದರು.

"ನನ್ನ ಕೇಳಿದ್ರೇನು? ಬೆಳಗಾವಿಗೆ ಹೋಗಿ ಕೇಳಿ ಬಂದ್ರಿ!"

ಅಂತೂ ಗಂಟೆ ಸರಿಯಾಯಿತು. ನೀರು ಬಂದಾಗ ಮಾತ್ರ ಬಾರಿಸಿತು. ಓಣಿಯವರು ಕಾಕಾನ ಹುಚ್ಚನ್ನು ಆಡಿಕೊಳ್ಳುವುದನ್ನು ಬಿಟ್ಟು ಗಂಟೆಗೆ ಕಿವಿ ಕೊಡತೊಡಗಿದರು. ಆದರೂ ಕಾಕಿ ಹೊರಡಲಿಲ್ಲ. ಇವತ್ತು ಮಾವಿನಕಾಯಿ ಉಪ್ಪಿಗೆ ಹಾಕಬೇಕು, ನಾಳೆ ಜೋಳ ಬಿಸಿಲಿಗೆ ಹಾಕಬೇಕು ಎನ್ನುತ್ತ ಮುಂದೆ ಹಾಕಿದಳು.

ಅಷ್ಟರಲ್ಲಿ ದೊಡವಾಡದ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಳೆಂಬ ಸುದ್ದಿ ಬಂತು. ಮಗ ಸೊಸೆ ಹೊಲಕ್ಕೆ ಹೋದರೆ ಹಗಲೆಲ್ಲ ಹಾಸಿಗೆಯಲ್ಲಿ ಒಬ್ಬಳೇ. ಕಾಕಿ ಅಳುತ್ತ ಸೀರೆ ಮಡಚಿ ಚೀಲಕ್ಕೆ ಹಾಕಿದಳು, ಮತ್ತೆ ಹೊರಗೆ ತೆಗೆದಳು.

"ಗಂಟಿ ಬಾರಸತೈತಿ ಖರೆ. ನೀವು ಕೇಳಸ್ಕೋತೀರೇನು? ಓಣಿ ಮಂದಿ ಎಲ್ಲಾ ತುಂಬ್ಕೊಂಡ ಹೋದ್ರೂ ನೀವು ಪರದೆ ಮುಂದ ಕುಂತಿರ್ತೀರಿ. ನೀರ ಬಂದದ್ದ ಅಲ್ಲಿ ನನಗ ಗೊತ್ತಾಗಬೇಕು. ನಮ್ಮ ಮನಿ ಫೋನ್ ಅಂತೂ ನೀವು ಎತ್ತಂಗಿಲ್ಲ, ನಾ ದಸ್ತಗೀರಣ್ಣಗ ಫೋನ್ ಮಾಡಿ ನಿಮ್ಮನ್ನ ಎಬ್ಬಸ್ತೇನಿ."

ಕಾಕಾ ಆ ಮಾತಿಗೆ ಸಿಟ್ಟಾಗಲಿಲ್ಲ. ಅವರ ಕಣ್ಣು ಬೆಳಕಿಂಡಿಯತ್ತ ಹೋಯಿತು. ಮರುದಿನವೇ ಹುಬ್ಬಳ್ಳಿಯಿಂದ ಒಂದು ಹಳೆಯ ಮೋಡೆಮ್ ಬಂತು. ಕಂಪ್ಯೂಟರನ್ನು ಟೆಲಿಫೋನ್ ತಂತಿಗೆ ಜೋಡಿಸುವ, ಕೆಂಪು ದೀಪಗಳ ಪುಟ್ಟ ಪೆಟ್ಟಿಗೆ. ಒಳಗೊಂದು ಸಣ್ಣ ಸ್ಪೀಕರ್ ಬೇರೆ. ನೀರು ಬಂದರೆ ಕಂಪ್ಯೂಟರು ಗಂಟೆ ಬಾರಿಸಿ, ಅಕ್ಕನ ಹಾಸಿಗೆಯ ಪಕ್ಕದಲ್ಲಿದ್ದ ಫೋನಿಗೆ ತಾನೇ ನಂಬರು ಹಚ್ಚಬೇಕು. ಅತ್ತ ಕಡೆ ಎತ್ತಿದವರಿಗೆ ಮೋಡೆಮಿನ ಪೀಂ ಪೀಂ ಕೇಳುತ್ತದೆ, ಒಂದರ್ಧ ನಿಮಿಷಕ್ಕೆ ತಾನಾಗಿ ಕಟ್ಟಾಗುತ್ತದೆ. ಮೊದಲ ಪರೀಕ್ಷೆಯಲ್ಲಿ ಫೋನ್ ಎತ್ತಿದ್ದು ಅಕ್ಕನ ಮಗ. ಅವನ ದನಿ ಇತ್ತ ಮೋಡೆಮಿನ ಸ್ಪೀಕರಿನಲ್ಲಿ ಖಣಖಣ ಕೇಳಿಸಿತು: "ಯಾರ್ರೀ ಅದು? ಪೀಂ ಪೀಂ ಅಂತೀರಲ್ಲ, ಕನ್ನಡ ಬರಂಗಿಲ್ಲೇನು?"

ಕಾಕಿ ಕಣ್ಣು ಒರೆಸಿಕೊಂಡು ನಕ್ಕಳು. ಆ ಸಂಜೆಯ ಬಸ್ಸಿಗೆ ದೊಡವಾಡಕ್ಕೆ ಹೋಗಿಯೇ ಬಿಟ್ಟಳು.

ಎರಡು ವಾರ ಕಳೆದ ಮೇಲೆ ಒಂದು ಶನಿವಾರ ನಾನು ಕಾಕಾನನ್ನು ನೋಡಲು ಹೋದೆ. ಮನೆ ವಿಚಿತ್ರವಾಗಿ ಸುಮ್ಮನಿತ್ತು. ಹಂಡೆ, ಕೊಡ, ಬಕೀಟು ಎಲ್ಲ ತುಂಬಿದ್ದವು. ಅಂದರೆ ನೀರು ಹಿಡಿದಿದ್ದರು! ಮೆಚ್ಚಿಕೊಳ್ಳಬೇಕೆಂದು ಪಡಸಾಲೆಗೆ ಕಾಲಿಟ್ಟೆ. ಗಂಟೆಗೆ ಕಾಕಿಯ ಹಳೆಯ ಇಲಕಲ್ ಸೀರೆಯ ತುಂಡು ಬಿಗಿಯಾಗಿ ಸುತ್ತಿತ್ತು. ನಳದ ಬಾಯಲ್ಲಿರಬೇಕಾದ ತಂತಿಗಳು ಒಳಗೆ ಬಂದಿದ್ದವು. ಕಾಕಾನ ಮುಂದೆ ಒಂದು ಲೋಟ ನೀರು. ಎರಡು ತಂತಿಗಳನ್ನೂ ಬಹಳ ನಾಜೂಕಾಗಿ ಹಿಡಿದು ಅದರಲ್ಲಿ ಅದ್ದುತ್ತಿದ್ದರು.

"ಕಾಕಾ, ಏನ ಮಾಡಾಕತ್ತೀರಿ?"

ಕಾಕಾ ಬೆಚ್ಚಿಬಿದ್ದರು. "ಟೆಸ್ಟಿಂಗ್," ಎಂದರು.

"ಕಾಕಿಗೆ ಸುಮ್ನ ಫೋನ್ ಮಾಡಬಾರದೇನ್ರಿ?"

"ಏನಂತ ಮಾಡ್ಲಿ? ಹೆಂಡ್ತಿ ಅಕ್ಕನ ಮನಿಗೆ ಹೋಗಿ ಇನ್ನೂ ತಿಂಗಳ ಆಗಿಲ್ಲ, ಗಂಡ ಫೋನ್ ಮಾಡಿದ ಅಂದ್ರ ಮಂದಿ ನಗೂದಿಲ್ಲೇನು?" ಎಂದು ಮುಖ ಆಚೆ ತಿರುಗಿಸಿದರು. "ಅದೂ ಅಲ್ಲದ, ನನಗ ಏನ ಮಾತಾಡಬೇಕಂತ ತಿಳಿಯಂಗಿಲ್ಲ."

ಅಷ್ಟರಲ್ಲಿ ಮೋಡೆಮಿನ ದೀಪಗಳು ಮಿನುಗಿದವು. ಸೀರೆಯ ತುಂಡಿನೊಳಗೆ ಗಂಟೆ ಕೊಸರಾಡಿತು. ನಂಬರು ತಾನೇ ಹತ್ತಿತು, ಅತ್ತ ರಿಂಗಾಯಿತು, ಯಾರೋ ಎತ್ತಿದರು. ಆ ಸ್ಪೀಕರನ್ನು ಬಂದ್ ಮಾಡುವ ಕಮಾಂಡು ಕಾಕಾನಿಗೆ ಗೊತ್ತಿತ್ತು, ನನಗೇ ಹೇಳಿಕೊಟ್ಟಿದ್ದರು. ಈಗ ಕುರ್ಚಿ ಎಳೆದುಕೊಂಡು, ಕಿವಿಯನ್ನು ಅದಕ್ಕೇ ಹಚ್ಚಿದರು.

ಪೀಂ ಎಂಬ ಸದ್ದಿನ ನಡುವೆ ಕಾಕಿಯ ದನಿ ಬಂತು. "ಬಂತೇನ್ ನೀರು? ನಿನ್ನೆನೂ ಬಂದಿತ್ತು. ಮೊನ್ನೆನೂ ಬಂದಿತ್ತು. ನಮ್ಮೂರಾಗ ದಿನಾ ನೀರ ಬಿಡೂದ ಯಾವಾಗಿಂದ ಶುರು ಆತು?" ಪೀಂ. "ಅಕ್ಕ ಇವತ್ತ ಕೋಲ ಹಿಡದ ಬಾಗಲ ತನಕಾ ನಡದ್ಲು. ಇಬ್ಬರೂ ಕೂಡಿ ಭಾಳ ನಕ್ಕೇವಿ. ನೀವು ಹೊತ್ತಿಗೆ ಸರಿ ಉಣ್ರಿ. ಮಜ್ಜಿಗಿ ಮಾಡಿದ್ರ ಉಪ್ಪ ಮರೀಬ್ಯಾಡ್ರಿ." ಪೀಂ. "ಇನ್ನೊಂದ ವಾರ ಇದ್ದ ಬರ್ಲೇನು? ನಾಳೆನೂ ನೀರ ಬರತೈತಿ ಹೌದಲ್ಲ?"

"ಹೂಂ," ಎಂದರು ಕಾಕಾ, ಆ ಪುಟ್ಟ ಪೆಟ್ಟಿಗೆಗೆ. ಮಾತು ಇತ್ತ ಕಡೆಯಿಂದ ಹೋಗುವುದಿಲ್ಲವೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಇನ್ನೊಮ್ಮೆ "ಹೂಂ" ಎಂದರು. ಲೈನು ಕಟ್ಟಾಯಿತು. ಕೆಂಪು ದೀಪಗಳು ಆರಿದವು. ಕಾಕಾ ತಂತಿಯ ತುದಿಗಳನ್ನು ಧೋತರದ ಅಂಚಿನಿಂದ ಒರೆಸಿ, ನನ್ನತ್ತ ನೋಡದೆ ಅವನ್ನು ನಳಕ್ಕೆ ಹಚ್ಚಲು ಹಿತ್ತಲಿಗೆ ನಡೆದರು.

ಇಷ್ಟು ವರ್ಷ ಈ ಮನುಷ್ಯನನ್ನು ನೋಡಿ ನಕ್ಕೆವಲ್ಲ! ಮೇಜಿನ ಮೇಲೆ ಆ ಲೋಟ ಹಾಗೇ ಇತ್ತು. ನಾನು ನೀರನ್ನು ಚೆಲ್ಲಲಿಲ್ಲ. ಧೂಳು ಬೀಳದಂತೆ ಮೇಲೊಂದು ತಟ್ಟೆ ಮುಚ್ಚಿಟ್ಟೆ, ನಾಳೆಗೆ ಬೇಕಾಗುತ್ತದಲ್ಲ!