ಹಕಾರದ ಅತ್ತೆ ಹೊಲಿದ ಹಕ್ಕಿ

ನಮ್ಮ ಅತ್ತೆ ಮನೆಯಲ್ಲಿದ್ದರೆ ಗೋಡೆಯ ಮೇಲಿನ ಹಲ್ಲಿ ಕೂಡ ಉಚ್ಚಾರ ಸರಿಮಾಡಿಕೊಂಡೇ ಲೊಚಗುಟ್ಟುತ್ತಿತ್ತು ಎಂದರೆ ನೀವು ನಂಬುವುದಿಲ್ಲ. ಬೇಡ, ನಂಬಬೇಡಿ. ಆದರೆ ಆ ಹಲ್ಲಿಯನ್ನು ಯಾರಾದರೂ ಅತ್ತೆಯ ಎದುರು 'ಅಲ್ಲಿ' ಎಂದು ಕರೆದು ನೋಡಬೇಕಿತ್ತು! "ಎಲ್ಲಿ?" ಎಂದು ಕೇಳುತ್ತಿದ್ದರು. "ಅಲ್ಲೇ, ಗೋಡೆ ಮ್ಯಾಗೆ, ಅಲ್ಲಿ" ಎಂದರೆ "ಅಲ್ಲಿ ಏನು?" ಎಂದು ಮತ್ತೆ ಕೇಳುತ್ತಿದ್ದರು. ಕೊನೆಗೆ ಹಲ್ಲಿಯೇ ಬೇಸರ ಬಂದು ಜಂತಿಯ ಸಂದಿಗೆ ಹೋಗಿಬಿಡುತ್ತಿತ್ತು.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ನಮ್ಮ ಕಡೆಯವರಿಗೂ ಹಕಾರಕ್ಕೂ ಅಷ್ಟಕ್ಕಷ್ಟೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಹಾಲು ಆಲಾಗಿ, ಹಸು ಅಸುವಾಗಿ, ಹೊಟ್ಟೆ ಒಟ್ಟೆಯಾಗಿ, ಹಾಗೆಯೇ ತುಂಬಿಕೊಂಡು ಸುಖವಾಗಿದ್ದೇವೆ. ಅತ್ತೆಯೂ ಹೊಣಕೆರೆ ಕಡೆಯ ಬೇಸಾಯದ ಮನೆಯಲ್ಲಿ ಹುಟ್ಟಿ, ತನ್ನೂರನ್ನು 'ಒಣಕೆರೆ' ಎಂದುಕೊಂಡೇ ಬೆಳೆದವರು. ಮದುವೆಯಾಗಿ ಪಟ್ಟಣಕ್ಕೆ, ಅಂದರೆ ಶ್ರೀರಂಗಪಟ್ಟಣಕ್ಕೆ ಹೋದರು. ಗಂಡ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಹೊಸ ಸೊಸೆ ಅಡಿಗೆಮನೆಯಿಂದ "ಅತ್ಯಮ್ಮ, ಆಲು ಉಕ್ತಾ ಅದೆ" ಎಂದು ಕೂಗಿದ್ದಕ್ಕೆ ನಡುಮನೆಯಲ್ಲಿ ಕೂತಿದ್ದ ನೆಂಟರೆಲ್ಲ ಬಿದ್ದು ಬಿದ್ದು ನಕ್ಕರಂತೆ. ಹಾಲು ಉಕ್ಕಿ ಒಲೆ ಆರಿತು, ನಗು ಮಾತ್ರ ಆರಲಿಲ್ಲ. ಅಂದು ಹಿಡಿದ ಹಕಾರವನ್ನು ಅತ್ತೆ ಬಿಡಲಿಲ್ಲ. ಮೇಷ್ಟ್ರು ತೀರಿಕೊಂಡ ಮೇಲೆ, ಮಕ್ಕಳಿಲ್ಲದ ಅತ್ತೆಯನ್ನು ಕೆ.ಆರ್. ಪೇಟೆಯ ನಮ್ಮ ಮನೆಗೆ ಕರೆದುಕೊಂಡು ಬಂದೆವು. ಒಂದು ಟ್ರಂಕು, ಒಂದು ಹಾಸಿಗೆ, ಜೊತೆಗೆ ಹಕಾರ, ಇಷ್ಟು ಸಾಮಾನು ಬಂತು.

ಇನ್ನೊಂದು ವಿಷಯ, ಅತ್ತೆ ಕೂರುತ್ತಿರಲಿಲ್ಲ. ಕಾಫಿಯನ್ನು ಹಿತ್ತಿಲಿಗೂ ಬೀದಿಬಾಗಿಲಿಗೂ ಓಡಾಡಿಕೊಂಡೇ ಕುಡಿಯುತ್ತಿದ್ದರು. ಇವತ್ತು ಪಾಂಡವಪುರದಲ್ಲಿ ನಾಮಕರಣ, ನಾಳೆ ನಾಗಮಂಗಲದಲ್ಲಿ ಯಾರಿಗೋ ಮೈ ಹುಷಾರಿಲ್ಲ, ಮತ್ತೆ ಪಟ್ಟಣಕ್ಕೆ ಒಂದು ಸುತ್ತು. ಬಸ್ಸಿನಲ್ಲಿ ಸೀಟು ಸಿಕ್ಕಿದರೂ ನಿಂತೇ ಹೋಗುವ ಜಾತಿ. ಒಮ್ಮೆ ಸ್ಟ್ಯಾಂಡಿನಲ್ಲಿ ಕಂಡಕ್ಟರು "ಅಕ್ಕಿಎಬ್ಬಾಳು, ಅಕ್ಕಿಎಬ್ಬಾಳು" ಎಂದು ಕೂಗುತ್ತಿದ್ದ. ಅತ್ತೆ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಅಲ್ಲೇ ನಿಂತರು.

"ಹೆಬ್ಬಾಳು ಅನ್ನಪ್ಪ. ಹೆ. ಹೆಬ್ಬಾಳು."

"ಅಮ್ಮಾ, ನಾ ಕೂಗ್ತಿರೋದು ಊರೆಸ್ರು, ಮಂತ್ರ ಅಲ್ಲ. ಅತ್ತೀರೋ ಇಲ್ವೋ?"

"ನಾನು ಯಾಕಪ್ಪ ಅಳಲಿ? ಹತ್ತುತ್ತೀರಾ ಅಂತ ಕೇಳು."

"ನೀವು ಅಳಬ್ಯಾಡಿ, ನನ್ನೂ ಅಳುಸ್ಬ್ಯಾಡಿ, ಅತ್ತಿ" ಎಂದು ಅವನು ಸೀಟಿ ಊದಿಬಿಟ್ಟ. ಅತ್ತೆ ಊರು ಮುಟ್ಟುವವರೆಗೂ ಅವನಿಗೆ ಪಾಠ ಹೇಳಿಕೊಂಡೇ ಹೋದರು.

ಇಂಥ ಅತ್ತೆ ಸೂಜಿ ಹಿಡಿದ ಕಥೆಯನ್ನು ಹೇಳಬೇಕೆಂದರೆ ಮೊದಲು ನನ್ನ ಮಗಳು ರೂಪಿಯ ವಿಷಯ ಹೇಳಬೇಕು. ತೊಂಬತ್ತರ ದಶಕದ ನಡುವಿನ ಮಾತು. ರೂಪಿ ಆಗ ಒಂದನೇ ಕ್ಲಾಸು. ಬೀದಿಯ ಮಕ್ಕಳ ಜೊತೆ ಆಡುವಾಗ ಹುರಿಗಡಲೆ ಸಿಡಿದ ಹಾಗೆ ಮಾತಾಡುವ ಹುಡುಗಿ, ಶಾಲೆಯಲ್ಲಿ ತುಟಿ ಬಿಚ್ಚುತ್ತಿರಲಿಲ್ಲ. ಬರಬರುತ್ತಾ ಮನೆಯಲ್ಲೂ ಅವಳ ಮಾತು ಸಣ್ಣಗಾಯಿತು. ಅವಳ ಮಿಸ್ಸು ನನ್ನನ್ನು ಕರೆಸಿ, "ಬರೆಯೋದೆಲ್ಲ ಚೆನ್ನಾಗಿ ಬರೀತಾಳೆ, ಬಾಯಿ ಮಾತ್ರ ಬಿಡಲ್ಲ. ಹೀಗೇ ಆದ್ರೆ ಹೆಡ್‌ಮಿಸ್ಸು ಇನ್ನೊಂದು ವರ್ಷ ಇದೇ ಕ್ಲಾಸಲ್ಲಿ ಕೂರಿಸ್ತಾರೆ" ಎಂದರು. ಒಳ್ಳೆಯ ಹೆಂಗಸು. ಸ್ಕೂಲ್ ಡೇ ನಾಟಕದಲ್ಲಿ ಒಂದು ಸಣ್ಣ ಪಾರ್ಟು ಕೊಡುತ್ತೇನೆ, ಎರಡೇ ಎರಡು ಪದ, ಅಷ್ಟು ಹೇಳಿಬಿಟ್ಟರೆ ಹೆಡ್‌ಮಿಸ್ಸಿನ ಹತ್ತಿರ ನಾನು ಮಾತಾಡುತ್ತೇನೆ, ಯಾವ ವೇಷ ಎಂದು ಮಗುವಿನ ಹತ್ತಿರ ಹೇಳಿ ಕಳಿಸುತ್ತೇನೆ ಎಂದರು.

ನಾನು ಕಛೇರಿಯಿಂದ ಬರುವಷ್ಟರಲ್ಲಿ ಮಗು ಅಜ್ಜಿಗೆ, ಅಂದರೆ ನಮ್ಮ ಅತ್ತೆಗೆ, ಹೇಳಿಯಾಗಿತ್ತು. ಅಜ್ಜಿ ತಿದ್ದಿಯೂ ಆಗಿತ್ತು. "ರೂಪಿಗೆ ಹಕ್ಕಿಯ ಪಾತ್ರ ಕೊಟ್ಟಿದ್ದಾರೆ ಕಣೆ" ಎಂದರು ಅತ್ತೆ, ಹಿತ್ತಿಲಿನಿಂದ ಬೀದಿಬಾಗಿಲಿಗೆ ಹೋಗುತ್ತಾ. "ನಾನು ಹಕ್ಕಿ ಅಂತ ಹೇಳಬೇಕಂತೆ. ಹ ಅನ್ನೋವಾಗ ಉಸಿರು ಹೊಟ್ಟೆಯಿಂದ ಬರಬೇಕು, ಅದನ್ನು ನಾನು ಹೇಳಿಕೊಡುತ್ತೇನೆ." ಬೀದಿಬಾಗಿಲಿನಿಂದ ವಾಪಸು ಬರುತ್ತಾ, "ವೇಷವನ್ನೂ ನಾನೇ ಹೊಲಿಯುತ್ತೇನೆ" ಎಂದರು.

ಅತ್ತೆಗೆ ಹೊಲಿಯಲು ಬರುತ್ತದೆಯೇ? ಇಲ್ಲ. ನನಗೆ? ನಾನು ಹರಿದ ಲಂಗಕ್ಕೆ ಪಿನ್ನು ಚುಚ್ಚುವ ಪಂಥದವಳು. ಎದುರುಮನೆಯ ಸಾಕಮ್ಮ ಬೀದಿಗೆಲ್ಲ ರವಿಕೆ ಹೊಲಿದುಕೊಡುವವಳು, ಸುದ್ದಿ ತಿಳಿದು ತಾನಾಗಿಯೇ ಬಂದಳು.

"ಅದ್ಯಾಕಕ್ಕ ಕಷ್ಟ ಬೀಳ್ತೀಯಾ? ಬಟ್ಟೆ ತಾ ಇತ್ಲಾಗೆ, ನಾ ಒಲ್ಕೊಡ್ತೀನಿ."

"ಒಲಿಯೋದು ದೇವರು, ಸಾಕಮ್ಮ. ಬಟ್ಟೆಯನ್ನು ಹೊಲಿಯುತ್ತಾರೆ."

ಸಾಕಮ್ಮ ಸೆರಗು ಕೊಡವಿಕೊಂಡು ಎದ್ದಳು. "ಅಂಗಾರೆ ಆ ದೇವ್ರತ್ರನೇ ಒಲಿಸ್ಕೊ ಓಗಕ್ಕ" ಎಂದು ಹೋದವಳು ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ಹೊಲಿಗೆ ಬಲ್ಲ ಒಂದೇ ಜೀವವನ್ನು ಹಕಾರ ಹೀಗೆ ಓಡಿಸಿತು.

ಅಳತೆ ತೆಗೆಯುವ ಶಾಸ್ತ್ರ ಶುರುವಾಯಿತು. ಎಲ್ಲ ಮನೆಗಳಲ್ಲೂ ಅಳತೆ ಕೊಡುವ ಮಕ್ಕಳು ಕುಣಿದಾಡುತ್ತವೆ, ಅಳೆಯುವವರು ಗದರುತ್ತಾರೆ. ನಮ್ಮಲ್ಲಿ ಮಗು ಕಂಬದ ಹಾಗೆ ನಿಂತಿತ್ತು, ಅಳೆಯುವವರೇ ಕುಣಿಯುತ್ತಿದ್ದರು. ಎದೆಯ ಸುತ್ತಳತೆಗೆ ದಾರ ಹಿಡಿದವರು ಅರ್ಧದಲ್ಲಿ ಸಾರು ನೋಡಲು ಹೋಗಿ, ವಾಪಸು ಬಂದು ಅದೇ ದಾರದಿಂದ ತೋಳು ಅಳೆದರು. ಅದು ಹೊಂದಲಿಲ್ಲವೆಂದು ಅಳತೆಯನ್ನೇ ಕೈಬಿಟ್ಟು, ರೂಪಿಯ ಹಳೆಯ ಫ್ರಾಕನ್ನು ಹೊಸ ಹಸಿರು ಬಟ್ಟೆಯ ಮೇಲೆ ಹರಡಿ, ಅಂಚಿಗೆ ಸರಿಯಾಗಿ ಸುತ್ತಲೂ ಕತ್ತರಿಸಿದರು. ಹೊಲಿಗೆಗೆಂದು ಒಂದಿಷ್ಟು ಬಟ್ಟೆ ಬಿಡಬೇಕು ಎಂಬುದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಹೊಲಿದಾದ ಮೇಲೆ ಅದು ರೂಪಿಗಿರಲಿ, ಅವಳ ದಿಂಬಿಗೂ ಹಿಡಿಸುವ ಹಾಗಿರಲಿಲ್ಲ.

ಪಕ್ಕೆಗಳನ್ನು ಬಿಚ್ಚಿ ಪಟ್ಟಿ ಕೂಡಿಸಿದರು. ಹಸಿರು ಮುಗಿದಿತ್ತು, ನನ್ನ ಹಳದಿ ರವಿಕೆ ಕಣ ಕೊಟ್ಟೆ. ಅದೂ ಸಾಲದೆ ಹಾಸಿಗೆಯ ಹಳೆಯ ಕೆಂಪು ಮುಸುಕು ಹರಿಯಿತು.

"ಇದು ಯಾವ ಹಕ್ಕಿ, ಅತ್ತೆ?" ಎಂದೆ.

"ಹಕ್ಕಿ ಅಂದರೆ ಹಕ್ಕಿ. ನಿನಗೆ ಅದರ ಗೋತ್ರ ಬೇರೆ ಬೇಕೇನು?"

ಆಮೇಲೆ ರೆಕ್ಕೆಗಳ ಸರದಿ. ಅತ್ತೆ ಬಹಳ ಶ್ರದ್ಧೆಯಿಂದ ಎರಡು ರೆಕ್ಕೆ ಹೊಲಿದರು. ಎರಡೂ ಎಡಗಡೆಯವು! ಬಟ್ಟೆಯ ಒಳಮೈ ಹೊರಮೈ ನೋಡದೆ ಕತ್ತರಿಸಿದ್ದರ ಫಲ. ಮೂರನೆಯ ರೆಕ್ಕೆಯನ್ನು ಪಾಂಡವಪುರದ ಬಸ್ಸಿನಲ್ಲಿ ಕಂಬಿಗೆ ಒರಗಿ ನಿಂತುಕೊಂಡೇ ಹೊಲಿದರಂತೆ. ಉಳಿದ ಕೆಲಸ ಮನೆಯಲ್ಲಿ ನಡೆದಾಡಿಕೊಂಡು. ಒಂದು ಬೆಳಿಗ್ಗೆ ಹಾಲಿನವನು ಕೂಗಿದನೆಂದು ಬಿರಬಿರನೆ ಬಾಗಿಲಿಗೆ ಹೋದ ಅತ್ತೆಯ ಹಿಂದೆ ರೆಕ್ಕೆಯೂ ಹೋಯಿತು. ಅದನ್ನು ತಮ್ಮ ಸೀರೆಗೇ ಸೇರಿಸಿ ಹೊಲಿದುಬಿಟ್ಟಿದ್ದರು.

"ಅಮ್ಮಾರೆ, ಎಲ್ಲೋ ಆರೋಕೆ ಒಂಟಂಗದೆ?" ಎಂದ ಹಾಲಿನವನು.

"ಆರೋದು ದೀಪ. ಹಾರೋದು ಹಕ್ಕಿ."

"ಆಗ್ಲಿ, ಆರೋದ್ರೊಳಗೆ ಆಲು ಇಡ್ಕಳಿ" ಎಂದು ಅವನು ಪಾವು ಬಗ್ಗಿಸಿದ.

ಅದೇ ವಾರ ಸೂಜಿಯೂ ಕಳೆಯಿತು. ನಡೆಯುತ್ತಾ ಹೊಲಿಯುವವರ ಸೂಜಿ ಎಲ್ಲಿ ಬಿದ್ದಿದೆ ಎಂದು ಹುಡುಕುವುದು? ಹಿತ್ತಿಲು, ದೇವರಮನೆ, ಬಚ್ಚಲು, ಎಲ್ಲ ಕಡೆ ನಾವು ಬೆಂಕಿಯ ಮೇಲೆ ನಡೆದ ಹಾಗೆ ಹೆಜ್ಜೆ ಇಟ್ಟೆವು. ಸಂಜೆ ನಮ್ಮ ಯಜಮಾನರು ಬಂದು ಕುರ್ಚಿಯ ಮೇಲೆ ಕೂತರು. ಕೂತವರು ಮೆಲ್ಲಗೆ ಎದ್ದು, "ಸಿಕ್ಕಿತು" ಎಂದರು. ಬಹಳ ಸಮಾಧಾನದ ಮನುಷ್ಯ.

ಈ ಗದ್ದಲದಲ್ಲಿ ನನ್ನನ್ನು ಒಳಗೊಳಗೇ ಕೊರೆಯುತ್ತಿದ್ದದ್ದು ರೂಪಿ. ವೇಷ ಬೆಳೆಯುತ್ತಿತ್ತು, ಮಗು ಕುಗ್ಗುತ್ತಿತ್ತು. ಅತ್ತೆ ಅವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ "ಹ... ಹ... ಹಕ್ಕಿ" ಎಂದು ಹೇಳಿಕೊಡುತ್ತಿದ್ದರು. ಮಗು "ಹಕ್ಕಿ" ಎಂದು ಉಸುರಿ ಬಾಯಿ ಮುಚ್ಚಿಕೊಳ್ಳುತ್ತಿತ್ತು. ನಾನು ಪಕ್ಕಕ್ಕೆ ಕರೆದು "ಭಯವಾ ಪುಟ್ಟ?" ಎಂದು ಕೇಳಿದರೆ ಅಜ್ಜಿ ಇದ್ದ ಕಡೆ ನೋಡಿ ತಲೆ ಅಲ್ಲಾಡಿಸುತ್ತಿದ್ದಳು. ಸ್ಕೂಲ್ ಡೇ ದಿನ ಅವಳು ವೇದಿಕೆಯ ಮೇಲೂ ಹೀಗೇ ನಿಂತುಬಿಟ್ಟರೆ? ಜೊತೆಯ ಮಕ್ಕಳೆಲ್ಲ ಎರಡನೇ ಕ್ಲಾಸಿಗೆ ಹೋಗಿ ಇವಳೊಬ್ಬಳು ಹಿಂದೆ ಉಳಿದರೆ? ನನಗೂ ಅತ್ತೆಯ ಹಾಗೆ ಹಿತ್ತಿಲಿಗೂ ಬೀದಿಬಾಗಿಲಿಗೂ ಓಡಾಡುವ ರೋಗ ಹತ್ತಿಕೊಂಡಿತು.

ಸ್ಕೂಲ್ ಡೇ ಬಂತು. ಹಸಿರು, ಹಳದಿ, ಕೆಂಪು ಬಣ್ಣದ, ರಟ್ಟಿನ ಕೊಕ್ಕಿನ, ಒಂದು ರೆಕ್ಕೆ ಮೇಲಕ್ಕೂ ಇನ್ನೊಂದು ಕೆಳಕ್ಕೂ ಇದ್ದ ಹಕ್ಕಿಯನ್ನು ಅತ್ತೆ ಸೊಂಟದ ಮೇಲೆ ಎತ್ತಿಕೊಂಡೇ ಶಾಲೆಗೆ ಬಂದರು, ನಡೆಸಿದರೆ ಹೊಲಿಗೆ ಬಿಚ್ಚೀತೆಂದು. ಪರದೆಯ ಹಿಂದೆ ಹೋದರೆ ಅಲ್ಲಿ ಒಂದು ಮಗು ರಾಗಿತೆನೆ ಸಿಕ್ಕಿಸಿಕೊಂಡಿದೆ. ಇನ್ನೊಂದು ಕಬ್ಬಿನ ಸೋಗೆ ಸುತ್ತಿಕೊಂಡಿದೆ. ಮತ್ತೊಂದಕ್ಕೆ ಅವರೆಕಾಯಿಯ ಹಾರ. ಮಿಸ್ಸು ನಮ್ಮ ಹಕ್ಕಿಯನ್ನು ನೋಡಿ ಹಣೆ ಚಚ್ಚಿಕೊಂಡರು.

"ಇದೇನು ಮೇಡಂ ಇದು? ನಾಟಕದ ಹೆಸರು 'ನಮ್ಮ ಬೆಳೆ'. ಇವಳದು ಅಕ್ಕಿ. ಅನ್ನ ಮಾಡೋ ಅಕ್ಕಿ! ಬಿಳೀ ಬಟ್ಟೆ ಹಾಕಿ ಭತ್ತದ ತೆನೆ ಕೊಟ್ಟು ಕಳಿಸಿ ಅಂತ ಇವಳ ಹತ್ರಾನೇ ಹೇಳಿ ಕಳಿಸಿದ್ದೆ."

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಮಗುವಿನ ಮುಖ ನೋಡಿದರು.

"ನೀನು ಯಾಕಮ್ಮ ಹೇಳಲಿಲ್ಲ?"

ರೂಪಿ ಕೊಕ್ಕನ್ನು ಮೇಲಕ್ಕೆ ಸರಿಸಿದಳು. "ಏಳ್ದೆ. ಅಕ್ಕಿ ಅಂತಲೇ ಏಳ್ದೆ. ನೀನು ತಪ್ಪು ಅಂದೆ. ನಾ ಬಾಯಿ ಬುಟ್ರೆ ಬರೀ ತಪ್ಪೇ ಬತ್ತದೆ ಅಜ್ಜಿ. ಅದ್ಕೇ ಸ್ಕೂಲಲ್ಲೂ ಬಾಯೇ ಬುಡಕಿಲ್ಲ."

ರೆಕ್ಕೆಯ ಒಂದು ದಾರ ಇಳಿಬಿದ್ದಿತ್ತು, ಅತ್ತೆ ಅದನ್ನು ಹಲ್ಲಿನಿಂದ ಕಚ್ಚಿ ತೆಗೆಯಲು ಹೋದರು. ದಾರ ಸಿಗಲಿಲ್ಲ. ಮಿಸ್ಸು, "ಈಗ ಬದಲಾಯಿಸೋಕೆ ಟೈಮಿಲ್ಲ, ಹೀಗೇ ಬರಲಿ. ಆ ಎರಡು ಪದ ಹೇಳಿದ್ರೆ ಸಾಕು, ಹೆಡ್‌ಮಿಸ್ಸು ಮುಂದೇನೇ ಕೂತಿದ್ದಾರೆ" ಎಂದು ನಮ್ಮನ್ನು ಹೊರಗೆ ಕಳಿಸಿದರು.

ಪರದೆ ಸರಿಯಿತು. ರಾಗಿ ಬಂದು "ನಾನು ರಾಗಿ" ಎಂದು ಕಿರುಚಿ ಹೋಯಿತು. ಕಬ್ಬು ಸೋಗೆ ಎಡವಿ ಬಿದ್ದು, ಬಿದ್ದಲ್ಲಿಂದಲೇ ತಾನು ಕಬ್ಬು ಎಂದು ಹೇಳಿತು. ಅವರೆಕಾಯಿಯದೂ ಆಯಿತು. ಆಮೇಲೆ ನಮ್ಮ ಹಕ್ಕಿ ನಡುವೆ ಬಂದು ನಿಂತಿತು. ಬಾಯಿ ತೆರೆಯಿತು. ಮುಚ್ಚಿತು. ಅಕ್ಕಿ ಎಂದರೆ ಅಜ್ಜಿಗೆ ತಪ್ಪು, ಹಕ್ಕಿ ಎಂದರೆ ಮಿಸ್ಸಿಗೆ ತಪ್ಪು. ಮಗುವಿನ ಕಣ್ಣು ಜನರ ನಡುವೆ ಅಜ್ಜಿಯನ್ನು ಹುಡುಕುತ್ತಿತ್ತು. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು.

ಪಕ್ಕದಲ್ಲಿ ಅತ್ತೆ ಧಡಕ್ಕನೆ ಎದ್ದರು. ಅಷ್ಟು ಜನರ ಎದುರು, ಪಟ್ಟಣದ ಕನ್ನಡ ಮೇಷ್ಟ್ರ ಹೆಂಡತಿ, ನಾನು ಹುಟ್ಟಿದಾಗಿನಿಂದ ಕೇಳದ ದನಿಯಲ್ಲಿ ಕೂಗಿದರು.

"ಎದ್ರುಕೋಬ್ಯಾಡ ಕಣವ್ವ! ಎಂಗ್ ಬತ್ತದೋ ಅಂಗೇ ಏಳು! ಯಾವ್ದೂ ತಪ್ಪಲ್ಲ, ಏಳು ನನ್ನವ್ವ!"

ರೂಪಿ ಅಜ್ಜಿಯನ್ನೇ ನೋಡಿದಳು. ಆ ಭಾಷೆ ಅಜ್ಜಿಯ ಬಾಯಿಂದ ಬಂತೆಂದು ನಂಬಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಎಡರೆಕ್ಕೆ ಬಲರೆಕ್ಕೆ ಎರಡನ್ನೂ ಎತ್ತಿ, ಗಂಟಲು ಬಿರಿಯುವ ಹಾಗೆ "ನಾನು ಅಕ್ಕಿ!" ಎಂದಳು.

ತಪ್ಪು ಯಾರಿಗೆ ಗೊತ್ತಾಗಬೇಕು? ಕಣ್ಣಿಗೆ ಕಂಡದ್ದು ರೆಕ್ಕೆ, ಕಿವಿಗೆ ಬಿದ್ದದ್ದು ಅಕ್ಕಿ. ನಮ್ಮ ಕಡೆ ಎರಡೂ ಒಂದೇ! ಚಪ್ಪಾಳೆ ಬಿತ್ತು. ಹಿಂದೆ ಕೂತಿದ್ದ ಒಬ್ಬರು ಪಕ್ಕದವರಿಗೆ, "ಒಳ್ಳೆ ತಲೆ ಓಡಿಸವ್ರೆ ಕಣ್ಲಾ, ಬೆಳೆ ಮಧ್ಯಕ್ಕೆ ಒಂದು ಅಕ್ಕಿ ಬುಟ್ಟವ್ರೆ" ಎನ್ನುತ್ತಿದ್ದರು. ಹೆಡ್‌ಮಿಸ್ಸು ಕೂಡ ನಗುತ್ತಾ ಮಿಸ್ಸಿನ ಕಡೆ ನೋಡಿ, ಆಗಲಿ ಎಂಬಂತೆ ತಲೆ ಆಡಿಸಿದರು. ಅತ್ತೆ ಮಾತ್ರ ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದರು. ಎಲ್ಲರನ್ನೂ ಕಂಡು ನಗುವ ನನಗೂ ಅವತ್ತು ಅಳು ತಡೆಯಲಾಗಲಿಲ್ಲ.

ಮನೆಗೆ ನಡೆದುಕೊಂಡೇ ಬಂದೆವು. ರೂಪಿ ಬಾಯಿ ಮುಚ್ಚಲಿಲ್ಲ. ರಾಗಿ ಆಗಿದ್ದವಳ ಜಡೆ ಕಿತ್ತು ಬಂದದ್ದು, ಕಬ್ಬನ್ನು ಅವರೆಕಾಯಿ ಕದ್ದು ತಿಂದದ್ದು, ಒಂದಾದ ಮೇಲೆ ಒಂದು, ಒಂದರಲ್ಲೂ ಹಕಾರ ಇಲ್ಲ. ನಾನು ಅತ್ತೆಯ ಮುಖವನ್ನೇ ನೋಡಿಕೊಂಡು ಬರುತ್ತಿದ್ದೆ. ಅವರು ಮಗುವಿನ ಕೈ ಹಿಡಿದು, ಅದರ ಪುಟ್ಟ ಹೆಜ್ಜೆಗೆ ತಮ್ಮ ಹೆಜ್ಜೆ ಕೂಡಿಸಿಕೊಂಡು, ಒಂದು ಮಾತನ್ನೂ ತಡೆಯದೆ ಕೇಳುತ್ತಿದ್ದರು. ಬೀದಿಯ ತಿರುವಿನಲ್ಲಿ ಮಗು ನಿಂತಿತು.

"ಅಜ್ಜಿ, ಒಟ್ಟೆ ಅಸೀತದೆ."

"ನಂಗೂ ಅಸೀತದೆ ಕಣವ್ವ" ಎಂದರು ಅತ್ತೆ. "ನಡಿ, ಮನೆಗೋಗವ."